ಮೂರು ಹೊರೆ ಸೌದೆ

ಮೇ ತಿಂಗಳ ಮೊದಲ ವಾರ ಬಂದ ಕರೆಂಟು ಬಿಲ್ಲನ್ನು ನೋಡಿದ ನನ್ನ ಹೆಂಡತಿ, "ಇದು ಪಕ್ಕದ ಮನೆಯವರದಿರಬೇಕು, ಕೊಟ್ಟು ಬನ್ನಿ" ಎಂದಳು. ನಾನೂ ಹಾಗೇ ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಗೇಟಿನ ಬಳಿ ನಿಂತು ಕನ್ನಡಕ ಏರಿಸಿ ನೋಡಿದರೆ ಹೆಸರು ನನ್ನದೇ, ಆರ್.ಆರ್. ನಂಬರೂ ನಮ್ಮದೇ. ಬಳಕೆ 207 ಯೂನಿಟ್. ಕಟ್ಟಬೇಕಾದ ಹಣ ಸಾವಿರ ರೂಪಾಯಿ ದಾಟಿತ್ತು. ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಬಂದೆ.

ನಮಗೆ ಸೊನ್ನೆ ಬಿಲ್ಲಿನ ಅಭ್ಯಾಸವಾಗಿಬಿಟ್ಟಿತ್ತು. ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತಲ್ಲ, ಅದರ ಲೆಕ್ಕ ಹೀಗೆ: ಹಿಂದಿನ ವರ್ಷ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸುತ್ತಾರೆ. ಅಷ್ಟರೊಳಗಿದ್ದರೆ ಬಿಲ್ಲು ಸೊನ್ನೆ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿತೋ, ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ನಮ್ಮ ಸರಾಸರಿ 112, ಸಿಕ್ಕ ಮಿತಿ 123. ಮೊದಲ ಕೆಲವು ತಿಂಗಳು ಬಿಲ್ಲು ಬಂದ ಕೂಡಲೇ ಯೂನಿಟ್ಟು ನೋಡುತ್ತಿದ್ದೆವು. ಆಮೇಲೆ ಸೊನ್ನೆಯನ್ನಷ್ಟೇ ನೋಡತೊಡಗಿದೆವು. ಆಮೇಲೆ ಅದನ್ನೂ ನೋಡದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸತೊಡಗಿದೆವು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಎಣಿಸುತ್ತಾರೆ?

"ಕೂಲರ್ ಕಣ್ರೀ" ಎಂದಳು ಹೆಂಡತಿ. "ಫ್ರಿಜ್ಜು" ಎಂದೆ ನಾನು. ಒಂಬತ್ತನೇ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇದ್ದ ಮಗಳು, ತನ್ನ ಮೇಲೆ ಬರುವ ಮೊದಲೇ, "ಅಪ್ಪ ವೆರಾಂಡದ ಲೈಟು ಆರಿಸೋದೇ ಇಲ್ಲ" ಎಂದಳು. ಅಷ್ಟರಲ್ಲಿ ಗೇಟು ತೆರೆದ ಸದ್ದಾಯಿತು. ನನ್ನಿವಾಳದಿಂದ ಅಕ್ಕ ಬಂದಿದ್ದಳು. ಕಂಕುಳಲ್ಲಿ ಶೇಂಗಾ ಗಂಟು, ಕೈಯಲ್ಲಿ ಹುಣಸೆಹಣ್ಣಿನ ಚೀಲ. ಕಣ್ಣು ಮಬ್ಬಾಗುತ್ತಿದೆ, ಚಳ್ಳಕೆರೆಯಲ್ಲಿ ತೋರಿಸಬೇಕು ಎಂದು ನಾನೇ ಕರೆಸಿದ್ದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿದ್ದು ಏಳನೇ ಕ್ಲಾಸು. ಲೆಕ್ಕದಲ್ಲಿ ನನಗಿಂತ ಚುರುಕು. ಮಗ್ಗಿ ಹೇಳುವಾಗ ನಾನು ಹದಿಮೂರರಲ್ಲಿ ಎಡವಿದರೆ ಅವಳು ಹತ್ತೊಂಬತ್ತನ್ನು ಉಸಿರು ಕಟ್ಟದೆ ಮುಗಿಸುತ್ತಿದ್ದಳು. ಆದರೂ ಬಿಡಿಸಿದರು. ಆ ವರ್ಷ ಅವ್ವನಿಗೆ ಸೊಂಟ ಹಿಡಿದುಕೊಂಡಿತ್ತು. "ಇಬ್ಬರೂ ಓದಾಕೆ ಹೋದ್ರೆ ಸೌದೆ ಯಾರು ತರ್ತಾರೆ?" ಎಂದರು ಅಪ್ಪ. ಅವರು ಕೆಟ್ಟವರಲ್ಲ. ಅವರು ಕೇಳಿದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬೇರೆ ಉತ್ತರ ಇರಲಿಲ್ಲ.

ನಮ್ಮ ಕಡೆಯ ನೆಲ ನೋಡಿದವರಿಗೆ ಸೌದೆಯ ಕಷ್ಟ ಗೊತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಕಾಡೆಂಬುದಿಲ್ಲ, ಕಾವಲುಂಟು, ಕುರುಚಲು ಗುಡ್ಡವುಂಟು, ಹಳ್ಳದ ದಂಡೆಯಲ್ಲಿ ಜಾಲಿ ಮೆಳೆಯುಂಟು. ಶೇಂಗಾ ಕಿತ್ತ ಮೇಲೆ ಬಳ್ಳಿ ದನಕ್ಕೆ ಬೇಕು, ಒಲೆಗಿಲ್ಲ. ತೊಗರಿ ಕಟ್ಟಿಗೆ ನಾಲ್ಕು ದಿನಕ್ಕೆ ಮುಗಿಯುತ್ತದೆ. ಹೀಗಾಗಿ ಅಕ್ಕ ಕತ್ತಲಿರುವಾಗಲೇ ಎದ್ದು, ಓರಗೆಯ ಹುಡುಗಿಯರ ಜೊತೆ ಹೊರಟು, ಬಿಸಿಲೇರುವ ಹೊತ್ತಿಗೆ ಒಂದು ಹೊರೆ ತರುತ್ತಿದ್ದಳು. ನಾನು ಶಾಲೆಗೆ ಹೋಗುವ ಹೊತ್ತೂ ಅದೇ. ಊರ ಬಾಗಿಲಲ್ಲಿ ಎದುರಾಗುತ್ತಿದ್ದೆವು. ಕತ್ತು ಅಲ್ಲಾಡಿಸುವಂತಿಲ್ಲವಾದ್ದರಿಂದ ಅವಳು ಕಣ್ಣಲ್ಲೇ ನನ್ನನ್ನು ನೋಡಿ ದಾಟುತ್ತಿದ್ದಳು. ಸಂಜೆ ಅಂಗಾಲಿನಿಂದ ಜಾಲಿ ಮುಳ್ಳು ತೆಗೆಯುವುದು ನನ್ನ ಕೆಲಸವಾಗಿತ್ತು. ಆ ಸೌದೆಯಲ್ಲಿ ಬೆಂದ ಮುದ್ದೆ ಉಂಡು ನಾನು ಓದಿದೆ. ಈಗ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು.

ಅಕ್ಕ ಬಂದ ರಾತ್ರಿ ನಡೆದದ್ದನ್ನು ಹೇಳಬೇಕು. ಊಟವಾಗಿ ಎಲ್ಲ ದೀಪ ಆರಿಸಿ ಮಲಗಿದೆವು. ಹಾಲ್‌ನಲ್ಲಿ ಮಗಳ ಪಕ್ಕ ಚಾಪೆ ಹಾಕಿಕೊಂಡಿದ್ದ ಅಕ್ಕ ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂತಳು.

"ತಮ್ಮಾ, ಅಲ್ಲೊಂದು ಕೆಂಪು ದೀಪ ಉರೀತೈತಲ್ಲ, ಏನದು?"

"ಟಿವಿ ಅಕ್ಕ."

"ಆರಿಸಿದ್ರಲ್ಲ?"

"ರಿಮೋಟಿನಲ್ಲಿ ಆರಿಸಿದೆ. ಆ ದೀಪ ಹಾಗೇ ಇರುತ್ತೆ."

"ಅದರ ಕೆಳಗೆ ಹಸಿರು?"

"ಅದು ಸೆಟ್‌ಟಾಪ್ ಬಾಕ್ಸು."

"ಮೂಲೇಲಿ ನೀಲಿ?"

"ಇಂಟರ್ನೆಟ್ಟಿನ ಡಬ್ಬಿ."

"ಎಲ್ಲರೂ ಮಲಗೀವಿ. ಅವು ಯಾರಿಗೋಸ್ಕರ ಉರೀತಾವೆ?"

ನಾನು ನಕ್ಕು, "ಚೂರುಪಾರು ಕರೆಂಟು, ಮಲಗಕ್ಕ" ಎಂದೆ. ಮಗಳು ನಗಲಿಲ್ಲ.

ಬೆಳಿಗ್ಗೆ ನೋಡಿದರೆ ಅತ್ತೆ, ಸೊಸೆ ಇಬ್ಬರೂ ವೆರಾಂಡದಲ್ಲಿ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಮೀಟರಿನಲ್ಲಿ ಮಿಣಮಿಣ ಮಿಟುಕುವ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಇಷ್ಟು ವರ್ಷ ಅದನ್ನು ನಾನು ಅಲಂಕಾರವೆಂದೇ ತಿಳಿದಿದ್ದೆ. ಅದರ ಪಕ್ಕ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200 ಎಂದಿದೆ, ನಿಮ್ಮದರಲ್ಲಿ ಬೇರೆ ಇರಬಹುದು. ಅಂದರೆ ಆ ದೀಪ 3200 ಸಲ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದರ್ಥ. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆಯಲು ಬೇಕಾದ ವಿದ್ಯುತ್ತು. ಇದು ವಿಜ್ಞಾನದ ಪಾಠದಲ್ಲಿದೆ. ಪಾಠ ಪುಸ್ತಕದಲ್ಲಿತ್ತು, ಮೀಟರು ಗೋಡೆಯಲ್ಲಿತ್ತು, ಎರಡಕ್ಕೂ ಭೇಟಿಯಾಗಿರಲಿಲ್ಲ.

ಮಗಳು ಫ್ಯಾನು, ಲೈಟು, ಫ್ರಿಜ್ಜು ಎಲ್ಲ ಆರಿಸಿದ್ದಳು. ರಾತ್ರಿ ಹೇಗೆ ಬಿಟ್ಟಿದ್ದೆವೋ ಹಾಗೆ ಟಿವಿ, ಡಬ್ಬಿಗಳು, ಇನ್ವರ್ಟರು, ಚಾರ್ಜರು, ಸೊಳ್ಳೆ ಔಷಧಿಯ ಬುಡ್ಡಿ ಮಾತ್ರ ಇದ್ದವು. ಅವಳು ಗಡಿಯಾರ ನೋಡುತ್ತಿದ್ದಳು. ಅಕ್ಕ ಮೀಟರಿಗೆ ಮುಖವಿಟ್ಟು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದಳು. ಹತ್ತು ನಿಮಿಷಕ್ಕೆ ಇಪ್ಪತ್ತು. ನಂಬದೆ ಇನ್ನೊಂದು ಸಲ ಎಣಿಸಿದರು. ಮತ್ತೆ ಇಪ್ಪತ್ತು. ಗಂಟೆಗೆ 120, ದಿನಕ್ಕೆ 2880. ಅದು 0.9 ಯೂನಿಟ್. ತಿಂಗಳಿಗೆ 27 ಯೂನಿಟ್. ನಾವು "ಆರಿಸಿದ" ಮೇಲೂ ಉರಿಯುವ ಕರೆಂಟು ಅದು.

ಅಂದಿನಿಂದ ಮೂರು ದಿನ ಮನೆಯಲ್ಲಿ ಒಂದೇ ಕೆಲಸ. ಒಂದೊಂದೇ ಉಪಕರಣ ಹಾಕಿ ಮಿಟುಕು ಎಣಿಸುವುದು, ದಿನಕ್ಕೆಷ್ಟು ಗಂಟೆ ಬಳಸುತ್ತೇವೆಂದು ಬರೆಯುವುದು, ಗುಣಿಸುವುದು. ಕೊನೆಗೆ ಮಗಳ ನೋಟ್‌ಬುಕ್ಕಿನಲ್ಲಿ ಹೀಗೊಂದು ಲೆಕ್ಕ ತಯಾರಾಯಿತು. ಕೂಲರ್ 180 ವ್ಯಾಟ್, ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 54 ಯೂನಿಟ್. ಹಳೆಯ ಫ್ಯಾನು ಎರಡು, ಒಂದೊಂದೂ 75 ವ್ಯಾಟ್, ಹನ್ನೆರಡು ಗಂಟೆ, ಎರಡೂ ಸೇರಿ 54. ಫ್ರಿಜ್ಜು 30. ಯಾರಿಗೂ ಬೇಡದ ದೀಪಗಳದು 27. ಗೀಸರ್ 20. ಪಂಪು, ಮಿಕ್ಸಿ, ಇಸ್ತ್ರಿ 9. ಟಿವಿ 6. ಮನೆಯ ಅಷ್ಟೂ ಲೈಟುಗಳು ಸೇರಿ 7.

ಈ ಪಟ್ಟಿಯನ್ನು ನಾನು ಬಹಳ ಹೊತ್ತು ನೋಡಿದೆ. ತಂದೆತಾಯಿಗಳಾದ ನಾವು ಮಕ್ಕಳನ್ನು ಗದರುವುದು ಯಾವುದಕ್ಕೆ? ಲೈಟು ಆರಿಸಲಿಲ್ಲವೆಂದು. ಅದು 207ರಲ್ಲಿ 7. ಹಿಂದೆ ಆ ಮಾತಿಗೆ ಅರ್ಥವಿತ್ತು. ಭಾಗ್ಯಜ್ಯೋತಿಯಲ್ಲಿ ನಮ್ಮ ಮನೆಗೆ ಬಂದದ್ದು ಒಂದೇ ಬಲ್ಬು, 40 ವ್ಯಾಟಿನದು. ಇವತ್ತು 9 ವ್ಯಾಟಿನ ಎಲ್‌ಇಡಿ ಬಲ್ಬು ಅದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಬೆಳಕು ಅಗ್ಗವಾಗಿದೆ. ಶಾಖ ಮಾತ್ರ ಎಂದಿಗೂ ಅಗ್ಗವಾಗಿಲ್ಲ. ಇಪ್ಪತ್ತು ಲೀಟರ್‌ನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ಅದೇ ಅರ್ಧ ಯೂನಿಟ್ಟಿನಲ್ಲಿ ಒಂದು ಎಲ್‌ಇಡಿ ಬಲ್ಬು ಐವತ್ತು ಗಂಟೆ ಉರಿಯುತ್ತದೆ. ಮಗಳು ಓದುವಾಗ ಲೈಟು ಆರಿಸೆಂದು ಗದರುತ್ತಾ, ಏಪ್ರಿಲ್ ಬಿಸಿಲಲ್ಲಿ ಅಭ್ಯಾಸಬಲದಿಂದ ಗೀಸರ್ ಹಾಕುತ್ತಿದ್ದವನು ನಾನು. ಮಧ್ಯಾಹ್ನ ಕಳೆದರೆ ತಾರಸಿ ಮೇಲಿನ ಟ್ಯಾಂಕಿನ ನೀರೇ ಕೈ ಸುಡುವಂತಿತ್ತು.

ನಾಲ್ಕನೆಯ ದಿನ ಮಗಳು ಅಕ್ಕನನ್ನು ಒಂದು ಪ್ರಶ್ನೆ ಕೇಳಿದಳು. "ಅತ್ತೆ, ನೀವು ಹೊರುತ್ತಿದ್ದ ಸೌದೆ ಹೊರೆ ಎಷ್ಟು ತೂಕ ಇರ್ತಿತ್ತು?"

"ತೂಗಿದೋರು ಯಾರವ್ವ? ಅರ್ಧ ಚೀಲ ರಾಗಿಗಿಂತ ಕಡಿಮೆ ಇರ್ತಿತ್ತು."

ಇಪ್ಪತ್ತು ಕಿಲೋ ಎಂದು ಹಿಡಿದಳು. ಒಣ ಸೌದೆ ಒಂದು ಕಿಲೋ ಉರಿದರೆ ಸುಮಾರು ನಾಲ್ಕು ಯೂನಿಟ್ಟಿನಷ್ಟು ಶಾಖ. ಒಂದು ಹೊರೆಗೆ 80 ಯೂನಿಟ್. "ಅಬ್ಬಾ!" ಎಂದೆ. "ಇರಿ ಅಪ್ಪ" ಎಂದಳು. ಮೂರು ಕಲ್ಲಿನ ಒಲೆಯಲ್ಲಿ ಆ ಶಾಖವೆಲ್ಲ ಪಾತ್ರೆಗೆ ಹೋಗುವುದಿಲ್ಲ. ಹತ್ತರಲ್ಲಿ ಒಂದು ಪಾಲು ಪಾತ್ರೆಗೆ, ಉಳಿದದ್ದು ಗಾಳಿಗೆ, ಗೋಡೆಗೆ, ಊದುವವರ ಮುಖಕ್ಕೆ. ಅಂದರೆ ಅಕ್ಕ ತಂದ ಒಂದು ಹೊರೆಯಿಂದ ಮುದ್ದೆಯ ಪಾತ್ರೆಗೆ ಮುಟ್ಟುತ್ತಿದ್ದದ್ದು ಎಂಟು ಯೂನಿಟ್.

ಮಗಳು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು 27ನ್ನು ಎಂಟರಿಂದ ಭಾಗಿಸಿ ಪುಸ್ತಕವನ್ನು ನನ್ನ ಮುಂದಿಟ್ಟಳು. ಮೂರಕ್ಕೂ ಮಿಗಿಲು. ನಾವು ಮಲಗಿದ್ದಾಗ, ಊರಿಗೆ ಹೋದಾಗ, ಯಾರೂ ನೋಡದ ಕೆಂಪು, ಹಸಿರು, ನೀಲಿ ದೀಪಗಳಿಗಾಗಿ ತಿಂಗಳಿಗೆ ಮೂರು ಹೊರೆ ಸೌದೆ. ಮೂರು ಬೆಳಗು. ನನಗೆ ಊರ ಬಾಗಿಲು ನೆನಪಾಯಿತು. ಅಕ್ಕ ಮಾತ್ರ, "ಹತ್ತರಾಗೆ ಒಂದೇ ಪಾಲಾ?" ಎಂದು ಎರಡು ಸಲ ಕೇಳಿದಳು. "ಮತ್ತೆ ಒಂಬತ್ತು ಪಾಲು ನಾನು ಸುಮ್ಮನೆ ಹೊತ್ತೆನಾ?"

ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ಬಹಳ ಹಿಂದೆಯೇ ಕೇಳಿಕೊಂಡ ವಿಜ್ಞಾನಿಯೊಬ್ಬರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ.ಎನ್. ರೆಡ್ಡಿ. ಈಗ ನಮ್ಮ ಕುದಾಪುರದ ಬಳಿಯೂ ಕ್ಯಾಂಪಸ್ ಇರುವ ಅದೇ ಸಂಸ್ಥೆ. ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರು 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ವಿಜ್ಞಾನ ಹಳ್ಳಿಗೆ ಏನು ಮಾಡಬಲ್ಲದು ಎಂದು ಹುಡುಕುವುದು ಅದರ ಕೆಲಸ. ಅವರ ತಂಡ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ತೆಗೆಯಿತು. ಹಳ್ಳಿಯ ಮನೆಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಬಹುಪಾಲು ಸೌದೆ, ಅದು ಹೋಗುವುದು ಅಡುಗೆಗೆ, ಅದನ್ನು ತರಲು ಸವೆಯುವುದು ಹೆಂಗಸರು ಮಕ್ಕಳ ಹೊತ್ತು ಎಂದು ಆ ಲೆಕ್ಕ ತೋರಿಸಿತು. ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಬೆಂಕಿಯನ್ನು ಬಯಲಲ್ಲಿ ಬಿಡದೆ ಗೂಡಿನೊಳಗೆ ಮುಚ್ಚಿ, ಸೌದೆಗೆ ಕೆಳಗಿನಿಂದ ಗಾಳಿಯಾಡಲು ಜಾಲರಿ ಇಟ್ಟು, ಒಂದೇ ಉರಿಯಲ್ಲಿ ಒಂದರ ಹಿಂದೊಂದು ಮೂರು ಪಾತ್ರೆ ಕಾಯುವಂತೆ ಮಾಡಿ, ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ಒಲೆ.

2006ರಲ್ಲಿ ತೀರಿಕೊಂಡ ರೆಡ್ಡಿಯವರು ವಿದ್ಯುತ್ತಿನ ಬಗ್ಗೆಯೂ ಹೀಗೇ ಯೋಚಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟಲ್ಲ, ಬೆಳಕು, ಬೆಂದ ಅಡುಗೆ, ಬಿಸಿನೀರು, ತಂಪು. ಅದನ್ನು ಕಡಿಮೆ ಶಕ್ತಿಯಲ್ಲಿ ಒದಗಿಸಬಹುದಾದರೆ ಅದೂ ಒಂದು ವಿದ್ಯುತ್ ಸ್ಥಾವರ ಕಟ್ಟಿದಂತೆಯೇ ಎಂಬುದು ಅವರ ವಾದದ ಸಾರ. ನನಗಿದು ಅರ್ಥವಾಗಲು ಅಕ್ಕ ಮೀಟರಿನ ಮುಂದೆ ಕೂರಬೇಕಾಯಿತು.

ಅಕ್ಕನ ಕಣ್ಣು ತೋರಿಸಿದೆವು. ಪೊರೆ ಶುರುವಾಗಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಹೊಗೆಯ ಹತ್ತಿರ ಹೋಗಬೇಡಿ ಎಂದರು ಡಾಕ್ಟರು. ಬರುವಾಗ ದಾರಿಯಲ್ಲಿ ಕೇಳಿದೆ, "ನಿನಗೆ ಗ್ಯಾಸ್ ಇದೆಯಲ್ಲಕ್ಕ?" 2016ರಲ್ಲಿ ಶುರುವಾದ ಉಜ್ವಲ ಯೋಜನೆಯಲ್ಲಿ ಅವಳಿಗೆ ಸಿಲಿಂಡರ್ ಬಂದಿತ್ತು. "ಐತೆ. ಟೀ ಕಾಸಾಕೆ. ಯಾರಾದರೂ ನೆಂಟರು ಬಂದ್ರೆ" ಎಂದಳು. ಮುದ್ದೆ, ಸಾರು, ನೀರು ಎಲ್ಲ ಸೌದೆಯಲ್ಲೇ. ಒಂದು ಸಿಲಿಂಡರ್ ಎಂಟು ತಿಂಗಳು ಬರುತ್ತದೆಂದು ಹೆಮ್ಮೆಯಿಂದ ಹೇಳಿದಳು. ಉಳಿತಾಯ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಒಂದರ್ಥ, ಅವಳ ಮನೆಯಲ್ಲಿ ಇನ್ನೊಂದರ್ಥ. ನಾವು ಉಳಿಸಿದರೆ ದುಡ್ಡು ಉಳಿಯುತ್ತದೆ. ಅವಳು ಉಳಿಸಿದರೆ ಕಣ್ಣು ಹೋಗುತ್ತದೆ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಂಥ ಉಳಿತಾಯವನ್ನು ಯಾರೂ ಮಾಡಬಾರದು.

ಹತ್ತು ದಿನ ಇದ್ದ ಅಕ್ಕ ನಮ್ಮ ಮನೆಯನ್ನು ತಿದ್ದಿಯೇ ಹೋದಳು. "ಈ ಮನೆ ಯಾಕಿಂಗೆ ಕುದೀತೈತೆ?" ಎಂದಳು. ನನ್ನಿವಾಳದ ನಮ್ಮ ಮಣ್ಣಿನ ಮಾಳಿಗೆ ಮನೆ ಮೇ ತಿಂಗಳಲ್ಲೂ ತಣ್ಣಗಿರುತ್ತಿತ್ತು. ಇಲ್ಲಿಯ ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೆಳಕ್ಕೆ ಕಾರುತ್ತದೆ. ಸುಣ್ಣ ತರಿಸಿ ತಾನೇ ನಿಂತು ತಾರಸಿಗೆ ಎರಡು ಸಲ ಬಳಿಸಿದಳು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಮಗಳು ಪಾಠ ಒಪ್ಪಿಸಿದಳು. ಮನೆ ಮಾಳಿಗೆಯಷ್ಟು ತಂಪಾಯಿತೆಂದು ಹೇಳಲಾರೆ. ಆದರೆ ರಾತ್ರಿಯಿಡೀ ಓಡುತ್ತಿದ್ದ ಕೂಲರನ್ನು ನಡುರಾತ್ರಿಗೆ ನಿಲ್ಲಿಸುವಂತಾಯಿತು.

ಅಡುಗೆಮನೆಯಲ್ಲಿ ಹೆಂಡತಿಗೂ ಪಾಠವಾಯಿತು. ಹುರುಳಿ, ಅವರೆಬೇಳೆ ರಾತ್ರಿಯೇ ನೆನೆದಿರಬೇಕು. ಪಾತ್ರೆಗೆ ಮುಚ್ಚಳ ಬೇಕು. ಉರಿ ಪಾತ್ರೆಯ ಪಕ್ಕಕ್ಕೆ ನಾಲಿಗೆ ಚಾಚಬಾರದು. ಕುದಿ ಬಂದ ಮೇಲೆ ಉರಿ ತಗ್ಗಿಸಬೇಕು. ಇದಕ್ಕೂ ಮಗಳ ಬಳಿ ಕಾರಣವಿತ್ತು: ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಹಾಕಿದರೂ 100 ಡಿಗ್ರಿಯ ಮೇಲೆ ಹೋಗದು, ಹೆಚ್ಚುವರಿ ಗ್ಯಾಸೆಲ್ಲ ಆವಿಯಾಗಿ ಕಿಟಕಿಯಾಚೆ ಹೋಗುತ್ತದೆ. ಕುಕ್ಕರಿನೊಳಗೆ ಒತ್ತಡ ಹೆಚ್ಚುವುದರಿಂದ ಶಾಖ 120ರ ಹತ್ತಿರ ಹೋಗಿ ಬೇಗ ಬೇಯುತ್ತದೆ. "ಇದೆಲ್ಲ ನಂಗೆ ಗೊತ್ತಿಲ್ಲ. ಸೌದೆ ಹೊತ್ತೋಳಿಗೆ ಉರಿ ತಗ್ಗಿಸಾಕೆ ಯಾರೂ ಹೇಳಿಕೊಡಬೇಕಿಲ್ಲ" ಎಂದಳು ಅಕ್ಕ.

ಒಂದು ಫ್ಯಾನನ್ನು ಮಾತ್ರ ಬದಲಿಸಿದೆವು. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನದು. 75 ವ್ಯಾಟ್ ತಿನ್ನುವ ಕಡೆ 30ರಲ್ಲಿ ಅಷ್ಟೇ ಗಾಳಿ ಬೀಸುತ್ತದೆ. ಇನ್ನೊಂದು ಮುಂದಿನ ವರ್ಷಕ್ಕೆ. ಟಿವಿ ಮತ್ತು ಅದರ ಡಬ್ಬಿಯನ್ನು ಈಗ ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತೇವೆ. ರಾತ್ರಿ ಹಾಲ್ ಕತ್ತಲಾಗಿರುತ್ತದೆ. ಗೀಸರ್ ಮಳೆಗಾಲದವರೆಗೆ ರಜೆಯಲ್ಲಿದೆ.

ಅಕ್ಕ ಹೊರಡುವ ದಿನ ಒಂದು ಮಾತು ಕೇಳಿದೆ. ಅವಳ ಸಿಲಿಂಡರ್ ಮುಗಿದಾಗಲೆಲ್ಲ ನಾನೇ ಬುಕ್ ಮಾಡುತ್ತೇನೆ, ಅಡುಗೆ ಪೂರ್ತಿ ಗ್ಯಾಸಿನಲ್ಲೇ ಮಾಡಬೇಕು ಎಂದು. "ನಿನ್ನ ದುಡ್ಡು ಯಾಕೆ?" ಎಂದಳು. ನನ್ನ ದುಡ್ಡಲ್ಲ, ಆ ಕೆಂಪು ದೀಪದ್ದು ಎಂದೆ. ಹೇಳಬೇಕೆಂದಿದ್ದದ್ದು ಬೇರೆಯಿತ್ತು. 1982ರಲ್ಲಿ ಶಾಲೆ ಬಿಟ್ಟ ಹುಡುಗಿಗೆ ಕೊಡಬೇಕಾದ್ದು ಸಿಲಿಂಡರಿನ ಲೆಕ್ಕದಲ್ಲಿ ತೀರುವಂಥದ್ದಲ್ಲ ಎಂದು. ಅದನ್ನು ಹೇಳಲು ಬಾಯಿ ಬರಲಿಲ್ಲ. ಬಹಳ ಹೊತ್ತು ಯೋಚಿಸಿ ಅವಳು ಒಪ್ಪಿದಳು, ಸ್ನಾನದ ನೀರು ಮಾತ್ರ ಹೊರಗಿನ ಒಲೆಯಲ್ಲೇ ಕಾಯಿಸುತ್ತೇನೆಂಬ ಕರಾರಿನ ಮೇಲೆ. ಬಸ್ಸು ಹತ್ತುವಾಗ ಮಗಳ ಕೈಲಿದ್ದ ಹಳೆಯ ಬಿಲ್ಲನ್ನು ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಹಿಂದಿನ ರೀಡಿಂಗು, ಈಗಿನ ರೀಡಿಂಗು, ವ್ಯತ್ಯಾಸ ಎಂದು ಒಂದೊಂದೇ ಓದಿ, ಮನಸ್ಸಿನಲ್ಲೇ ಕಳೆದು, "ಸರಿ ಐತೆ" ಎಂದಳು.

ಜೂನ್ ಮೊದಲ ವಾರ ಹೊಸ ಬಿಲ್ಲು ಬಂತು. ಈ ಸಲ ಮೂವರೂ ಒಟ್ಟಿಗೆ ನೋಡಿದೆವು. 131. ನಮ್ಮ ಮಿತಿ 123 ದಾಟಿತ್ತು, ಹೆಚ್ಚುವರಿಗೆ ಹಣ ಕಟ್ಟಲೇಬೇಕು. ಮಗಳ ಮುಖ ಸಪ್ಪಗಾಯಿತು. ಸಂಜೆ ಅಕ್ಕನ ಫೋನು.

"ಎಷ್ಟು ಬಂತವ್ವ?"

"ನೂರ ಮೂವತ್ತೊಂದು ಅತ್ತೆ. ಎಂಟು ಜಾಸ್ತಿ ಆಯ್ತು."

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಎಣಿಸುತ್ತಿದ್ದಳೆಂದು ಕಾಣುತ್ತದೆ.

"ಎಂಟು ಅಂದ್ರೆ ಒಂದು ಹೊರೆ. ಅದನ್ನೂ ಇಳಿಸು."